ಮೂವತ್ತು ಸೆಕೆಂಡಿನ ಕುರ್ಚಿ

ಕುರ್ಚಿಗೆ ಕೈಗಳಿರಲಿಲ್ಲ. ನೆಲದಿಂದ ಕೂರುವ ಹಲಗೆಯವರೆಗೆ ಸರಿಯಾಗಿ ನಲವತ್ಮೂರು ಸೆಂಟಿಮೀಟರು. ಹೆಚ್ಚೂ ಇರಬಾರದು, ಕಡಿಮೆಯೂ ಇರಬಾರದು ಎಂದು ಆಸ್ಪತ್ರೆಯವರು ಬರೆದುಕೊಟ್ಟಿದ್ದರು. ದಿವ್ಯ ಅದನ್ನು ರಾಬರ್ಟ್‌ಸನ್‌ಪೇಟೆಯಿಂದ ಅಪ್ಪನ ಮೊಪೆಡ್ಡಿನ ಹಿಂದೆ ಹಗ್ಗದಲ್ಲಿ ಕಟ್ಟಿ, ಬೇತಮಂಗಲ ದಾಟಿ, ಚಿಕ್ಕಕುಂಟೆಗೆ ತಂದಳು. ದಾರಿಯಲ್ಲಿ ಇಬ್ಬರು ಅದರ ರೇಟು ಕೇಳಿದರು.

ಚಿಕ್ಕಕುಂಟೆಯ ಡೈರಿಯ ಮಗ್ಗುಲಲ್ಲಿ ಒಂದು ಉದ್ದನೆಯ ಕೊಠಡಿ ಇದೆ. ಬೆಳಿಗ್ಗೆ ಹಾಲು ಹಾಕುವುದು ಮುಗಿದ ಮೇಲೆ ಅದು ಖಾಲಿ. ಅಲ್ಲಿ ಆಸ್ಪತ್ರೆಯ ಪರವಾಗಿ ವಾರಕ್ಕೆ ಮೂರು ದಿನದಂತೆ ಹನ್ನೆರಡು ವಾರ, ನಲವತ್ತು ದಾಟಿದವರಿಗೆ ವ್ಯಾಯಾಮ ಹೇಳಿಕೊಡಬೇಕು. ಮೊದಲೊಮ್ಮೆ ಅಳೆಯಬೇಕು, ಕೊನೆಗೊಮ್ಮೆ ಅಳೆಯಬೇಕು. ನಡುವೆ ಮೈಯಲ್ಲಿ ಏನಾಯಿತು ಎಂದು ನೋಡಬೇಕು. ಫಿಸಿಯೋಥೆರಪಿ ಓದಿ ಎಂಟು ತಿಂಗಳಾಗಿದ್ದ ದಿವ್ಯಳಿಗೆ ಇದು ಮೊದಲ ಕೆಲಸ.

ಮೊದಲ ದಿನ ಮೂವತ್ತೊಂದು ಜನ ಬಂದರು. ಆಸ್ಪತ್ರೆ ಕೊಟ್ಟ ನಮೂನೆಯ ಮೊದಲ ಪ್ರಶ್ನೆ ಸುಲಭವಾಗಿತ್ತು: ಈ ತರಗತಿಯಿಂದ ನಿಮಗೇನಾಗಬೇಕು? ಸುಗರ್ ಇಳೀಬೇಕು, ಸೊಂಟನೋವು ಓಗಬೇಕು, ನಿದ್ದೆ ಬರಬೇಕು ಎಂದು ಒಬ್ಬೊಬ್ಬರಾಗಿ ಹೇಳಿದರು. ಡೈರಿಯ ಅಧ್ಯಕ್ಷ ಜಯರಾಮಪ್ಪ, ಅರವತ್ತೊಂಬತ್ತು ವರ್ಷದವರು, ತಮ್ಮ ಮಾಮೂಲಿ ಕುರ್ಚಿಯಲ್ಲಿ ಕಾಲು ಚಾಚಿ ಕೂತು, "ನಂಗೇನೂ ಆಗ್ಬೇಕಾಗಿಲ್ಲ. ಸುಮ್ಕೆ ನೋಡಾಣ ಅಂತ," ಎಂದರು. ದಿವ್ಯ ಅದನ್ನೇ ಬರೆದುಕೊಂಡಳು.

ಬಾಗಿಲ ಬಳಿ ನಿಂತಿದ್ದ ಹೆಂಗಸು ಸರದಿ ಬಂದಾಗ ಹತ್ತಿರ ಬಂದು, ಮೆಲ್ಲಗೆ, ನಮೂನೆಗೇ ಹೇಳುವವಳಂತೆ ಹೇಳಿದಳು.

"ಅಸದ ಕೆಳಗೆ ಕುಕ್ಕರಗಾಲಲ್ಲಿ ಕೂರ್ಬೇಕು. ಕೂತು ಏಳ್ಬೇಕು."

ಹೆಸರು ಸುಬ್ಬಲಕ್ಷ್ಮಮ್ಮ, ವಯಸ್ಸು ಅರವತ್ತೆರಡು. ಎರಡು ವರ್ಷದಿಂದ ಮೊಣಕಾಲು ಪೂರ್ತಿ ಬಗ್ಗುತ್ತಿರಲಿಲ್ಲ. ಮನೆಯ ಹಸು ಗಂಗೆ ಆಕೆಯ ಕೈಗೆ ಮಾತ್ರ ಪೂರ್ತಿ ಹಾಲಿಳಿಸುತ್ತದೆ. ಸೊಸೆ ರಾಧ ಕರೆದರೆ ಅರ್ಧ ಬಿಟ್ಟು ಅರ್ಧ ಕಟ್ಟಿಕೊಳ್ಳುತ್ತದೆ. ಹಾಲು ಕರೆಯುವ ಮಷೀನು ಹಚ್ಚಿದ ದಿನ ಒದ್ದು ಗೂಟ ಕಿತ್ತಿತ್ತು. ಗಂಡ ಕೋದಂಡಪ್ಪ ಒಂದು ಗಡುವು ಕೊಟ್ಟಿದ್ದ. ದೀಪಾವಳಿಯೊಳಗೆ ಆಕೆ ಮತ್ತೆ ಕೂತು ಕರೆಯುವಂತಾದರೆ ಸರಿ, ಇಲ್ಲದಿದ್ದರೆ ಗಂಗೆಯನ್ನು ಕೊಟ್ಟು ಮಷೀನಿಗೆ ಒಗ್ಗುವ ಹಸು ತರುವುದು. ದೀಪಾವಳಿಗೆ ಹದಿಮೂರು ವಾರ ಉಳಿದಿತ್ತು. ಇದೆಲ್ಲವನ್ನೂ ಹೇಳಿದ್ದು ಸುಬ್ಬಲಕ್ಷ್ಮಮ್ಮ ಅಲ್ಲ, ಪಕ್ಕದಲ್ಲಿ ನಿಂತಿದ್ದ ರಾಧ. ಅವಳಿಗೆ ಈಗಷ್ಟೇ ನಲವತ್ತು ತುಂಬಿತ್ತು, ತಾನೂ ಹೆಸರು ಬರೆಸಿದ್ದಳು.

ಅಳತೆ ಶುರುವಾಯಿತು. ಆರು ನಿಮಿಷದಲ್ಲಿ ಡೈರಿಯ ಅಂಗಳದ ಸುತ್ತ ಎಷ್ಟು ದೂರ ನಡೆಯುತ್ತೀರಿ ಎನ್ನುವುದು ಮೊದಲನೆಯದು. ಸುಬ್ಬಲಕ್ಷ್ಮಮ್ಮ ಕುಂಟುತ್ತಲೇ ನಾನೂರ ಹತ್ತು ಮೀಟರು ನಡೆದಳು. ಅವಳ ವಯಸ್ಸಿನವರಲ್ಲಿ ಅದೇ ಹೆಚ್ಚು.

ಎರಡನೆಯದು ಕುರ್ಚಿ. ತೋಳುಗಳನ್ನು ಎದೆಯ ಮೇಲೆ ಕಟ್ಟಿ ಕೂರಬೇಕು. ಮೂವತ್ತು ಸೆಕೆಂಡಿನಲ್ಲಿ ಎಷ್ಟು ಸಲ ಪೂರ್ತಿ ಎದ್ದು ಕೂರಲಾಗುತ್ತದೆ ಎಂದು ಎಣಿಸಬೇಕು. ರಾಧ ಹತ್ತೊಂಬತ್ತು. ಜಯರಾಮಪ್ಪ ಮೀಸೆ ಸವರಿಕೊಂಡು ಬಂದು ಕೂತು, ಐದಕ್ಕೆ ನಿಂತರು. "ಕುರ್ಚಿ ಸರಿಯಿಲ್ಲ," ಎಂದು ತಮ್ಮ ಕುರ್ಚಿಗೆ ವಾಪಸು ಹೋದರು. ಯಾರೂ ನಗಲಿಲ್ಲ, ಆಮೇಲೆ ಎಲ್ಲರೂ ಕೆಮ್ಮಿದರು.

ಸುಬ್ಬಲಕ್ಷ್ಮಮ್ಮ ಕುರ್ಚಿಯ ಮುಂದೆ ಬಂದು ನಿಂತಳು.

"ಕೂತ್ಕೊಳ್ಳಿ ಅಮ್ಮಾ," ಎಂದಳು ದಿವ್ಯ.

ಆಕೆ ಕೂರಲಿಲ್ಲ. ಸೆರಗನ್ನು ಭುಜದ ಸುತ್ತ ಎಳೆದುಕೊಂಡು ನೆಲ ನೋಡಿದಳು.

"ಭಯ ಪಡ್ಬೇಡಿ. ನಾನಿಲ್ಲೇ ಇರ್ತೀನಿ. ಶುರು."

ಗಡಿಯಾರದ ಗುಂಡಿ ಒತ್ತಿಯಾಗಿತ್ತು. ಹತ್ತು ಸೆಕೆಂಡು, ಇಪ್ಪತ್ತು. ಕೊಠಡಿಯಲ್ಲಿದ್ದ ಹೆಂಗಸರೆಲ್ಲ ಏನೋ ಗೊತ್ತಿರುವವರ ಹಾಗೆ ಕಿಟಕಿಯಾಚೆ ನೋಡುತ್ತಿದ್ದರು. ಮೂವತ್ತಕ್ಕೆ ಗಡಿಯಾರ ಕೂಗಿತು. ಪರೀಕ್ಷೆ ನಡೆಯುವಾಗ ಪುಸಲಾಯಿಸಬಾರದು, ಕಂಡದ್ದನ್ನು ಬರೆಯಬೇಕು ಎಂದು ದಿವ್ಯಳಿಗೆ ಕಲಿಸಿದ್ದರು. ಅವಳು ಸೊನ್ನೆ ಬರೆದಳು. ಸೊನ್ನೆ ಬಂದವರನ್ನು ತರಗತಿಗೆ ಸೇರಿಸುವಂತಿಲ್ಲ. ಬಿದ್ದರೆ ಕಷ್ಟ, ಅವರಿಗೆ ಆಸ್ಪತ್ರೆಯ ಚೀಟಿ ಬರೆದುಕೊಡಬೇಕು. ಚೀಟಿ ಕೊಟ್ಟಳು. ಸುಬ್ಬಲಕ್ಷ್ಮಮ್ಮ ಅದನ್ನು ನಾಲ್ಕಾಗಿ ಮಡಚಿ, ಹತ್ತು ಲೀಟರಿನ ಖಾಲಿ ಕ್ಯಾನಿನ ಹಿಡಿಯ ಸಂದಿಗೆ ಸಿಕ್ಕಿಸಿ, ಕ್ಯಾನನ್ನು ಸೊಂಟಕ್ಕೇರಿಸಿ, ಡೈರಿಯ ಮೂರು ಮೆಟ್ಟಿಲು ಇಳಿದು ಹೋದಳು.

ದಿವ್ಯಳ ತಲೆಯಲ್ಲಿ ಎರಡು ಅಂಕಿಗಳು ಒಂದಕ್ಕೊಂದು ಹೊಂದದೆ ಉಳಿದವು. ನಾನೂರ ಹತ್ತು, ಸೊನ್ನೆ. ಅಷ್ಟು ನಡೆಯುವ ಕಾಲು ಒಂದು ಸಲವೂ ಏಳುವುದಿಲ್ಲವೇ? ವಾಪಸು ಹೋಗುವಾಗ ಬೇತಮಂಗಲದ ಕೆರೆ ಏರಿಯ ಮೇಲೆ ಮೊಪೆಡ್ ನಿಲ್ಲಿಸಿ ಅದನ್ನೇ ಯೋಚಿಸಿದಳು. ಅವಳ ತಾತ ಚಾಂಪಿಯನ್ ರೀಫ್ಸ್ ಚಿನ್ನದ ಗಣಿಯಲ್ಲಿ ಕೆಲಸ ಮಾಡಿದವನು. ಕೊನೆಯ ದಿನಗಳಲ್ಲಿ ಮಂಚದಿಂದ ಬಚ್ಚಲಿಗೆ ಹನ್ನೊಂದು ಹೆಜ್ಜೆ, ಎರಡು ಕಡೆ ಉಸಿರಿಗೆ ನಿಲ್ಲಬೇಕು ಎಂದು ಆತನೇ ಅಳೆದು ಹೇಳುತ್ತಿದ್ದ. ಮೈಯನ್ನು ಅಂಕಿಯಲ್ಲಿ ಹೇಳಬಹುದು ಎಂದು ಅವಳು ಮೊದಲು ಕಲಿತದ್ದು ಕಾಲೇಜಿನಲ್ಲಲ್ಲ, ಆ ಮನೆಯಲ್ಲಿ. ಹಾಗಾಗಿ ಹೊಂದದ ಅಂಕಿ ಅವಳಿಗೆ ಹಲ್ಲಿನ ಸಂದಿನ ನಾರಿನಂತೆ.

ಮಾರನೆಯ ದಿನ ಸುಬ್ಬಲಕ್ಷ್ಮಮ್ಮನ ಮನೆಗೆ ಹೋದಳು.

ಹಳೆಯ ಮನೆ. ಹೊರಗೆ ಕಲ್ಲಿನ ಜಗುಲಿ, ಒಳಗೆ ಪಡಸಾಲೆ. ಅಲ್ಲಿ ನೀಲಿ ಪ್ಲಾಸ್ಟಿಕ್ ಕುರ್ಚಿ, ಕುರ್ಚಿಯಲ್ಲಿ ಪೇಪರ್ ಹಿಡಿದ ಜಯರಾಮಪ್ಪ. ಅವರು ಇಲ್ಲಿ ಯಾಕಿದ್ದಾರೆ ಎಂದು ದಿವ್ಯಳಿಗೆ ಮೊದಲು ಹೊಳೆಯಲಿಲ್ಲ.

"ನಮ್ ತಮ್ಮನ ಮನೆ. ನನ್ ಮನೇನೂ ಇದೇ," ಎಂದರು ಅವರು. "ಕೂತ್ಕಳಮ್ಮ. ರಾಧಾ, ಟೀಚರಮ್ಮ ಬಂದವ್ಳೆ, ನಿಮ್ಮತ್ತೆಗೆ ಯೋಳು."

ಅತ್ತೆ ಮೂರು ಮಾರು ದೂರದಲ್ಲಿ, ಅಡುಗೆಮನೆಯ ಹೊಸ್ತಿಲಾಚೆಗೆ ನೆಲದ ಮೇಲೆ ಕಾಲು ಚಾಚಿ ಕೂತು ಅವರೆಕಾಯಿ ಸುಲಿಯುತ್ತಿದ್ದಳು. ಆದರೂ ರಾಧ ಹೋಗಿ ಹೇಳಿದಳು. ಆ ಮನೆಯಲ್ಲಿ ಭಾವನ ಮಾತು ತಮ್ಮನ ಹೆಂಡತಿಗೆ ಹಾಗೆಯೇ ತಲುಪುವುದು. ಜಯರಾಮಪ್ಪ ಪೇಪರು ಮಡಚಿ ಕುರ್ಚಿಯಿಂದ ಎದ್ದರು. ಹೊಸ್ತಿಲಾಚೆ ಸುಬ್ಬಲಕ್ಷ್ಮಮ್ಮನೂ ಎದ್ದಳು. ಅವರು ಹೊರಗೆ ಹೋದರು, ಅವಳು ಕೂತಳು. ಕನ್ನಡಕ ಮರೆತು ವಾಪಸು ಬಂದರು, ಅವಳು ಮತ್ತೆ ಎದ್ದಳು. ಎದ್ದಾಗಲೆಲ್ಲ ಬಲಗೈ ಅಡುಗೆಮನೆಯ ಬಾಗಿಲ ಪಕ್ಕದ ಮರದ ಕಂಬವನ್ನು ಹಿಡಿಯುತ್ತಿತ್ತು. ಕಂಬದ ಆ ಜಾಗ, ಸೊಂಟದೆತ್ತರದಲ್ಲಿ ಅಂಗೈಯಷ್ಟು ಅಗಲ, ಎಣ್ಣೆ ಹಚ್ಚಿದಂತೆ ಕಪ್ಪಗೆ ಹೊಳೆಯುತ್ತಿತ್ತು. ನಲವತ್ನಾಲ್ಕು ವರ್ಷದ ಕೈ.

"ಈಗ ಗೊತ್ತಾಯ್ತಾ?" ಎಂದಳು ರಾಧ. "ನಮ್ಮತ್ತೆ ದೊಡ್ಡಮಾವನ ಮುಂದೆ ಕೂರಲ್ಲ. ಚಾಪೆ ಮ್ಯಾಲೇ ಕೂರಲ್ಲ, ಇನ್ನು ಕುರ್ಚಿ ಮ್ಯಾಲೆ ಕೂರ್ತಾರಾ? ನೀವ್ ಬೇರೆ ಊರ್ ಮುಂದೆ ಗಡಿಯಾರ ಇಟ್ಕೊಂಡು ನಿಂತಿದ್ರಿ."

"ಅಲ್ಲೇ ಯಾರಾದ್ರೂ ಹೇಳ್ಬೋದಿತ್ತಲ್ಲ?"

"ಯಾರು ಯೋಳ್ತಾರೆ, ಅವ್ರೇ ಕೂತಿರೋವಾಗ?"

ದಿವ್ಯ ಸುಬ್ಬಲಕ್ಷ್ಮಮ್ಮನ ಎದುರು ನೆಲದ ಮೇಲೆ ಕೂತಳು. ಕುತೂಹಲ ತಡೆಯಲಾಗಲಿಲ್ಲ.

"ಅಮ್ಮಾ, ಹಾಲು ಕರೆಯೋವಾಗ ಅವ್ರು ಬಂದ್ರೆ?"

"ಆಗ ಏಳಂಗಿಲ್ಲ. ನಡುವೆ ಕೈಬಿಟ್ರೆ ಅಸ ಕೆಟ್ಟೋಗ್ತದೆ." ಒಂದು ಅವರೆಕಾಯಿಯನ್ನು ಉಗುರಿನಿಂದ ಸೀಳಿದಳು. "ಅದೊಂದ್ ಒತ್ತು ಯಾರ್ ಬಂದ್ರೂ ಕೂತಿರ್ಬೋದು. ದೇವ್ರು ಬಂದ್ರೂನೂವೆ."

ದಿವ್ಯ ನಮೂನೆಯಲ್ಲಿ 'ಉದ್ದೇಶ' ಎಂಬ ಸಾಲನ್ನು ಮತ್ತೆ ಓದಿಕೊಂಡಳು. ನಿನ್ನೆ ಬರೆದದ್ದೇ ಇತ್ತು. ಇವತ್ತು ಓದಿದರೆ ಅರ್ಥ ಬೇರೆ ಇತ್ತು.

ಮರುಪರೀಕ್ಷೆಗೆ ನಮೂನೆಯಲ್ಲಿ ಒಂದು ಖಾನೆ ಇತ್ತು. ಅದೇ ಜಾಗ, ಅದೇ ಕುರ್ಚಿ, ವಾರದೊಳಗೆ. ಆದರೆ ಡೈರಿಯ ಕೊಠಡಿ ಎಂದರೆ ಜಯರಾಮಪ್ಪ. ಬೀಗದ ಕೈ ಅವರ ಉಡಿದಾರದಲ್ಲಿ. ಅವರಿಗೆ ವಿಷಯ ಹೇಳುವ ಕೆಲಸ ರಾಧಳ ಪಾಲಿಗೆ ಬಂತು. ಹೇಗೆ ಹೇಳಿದಳೋ, ಸೋಮವಾರ ದಿವ್ಯ ಬರುವಷ್ಟರಲ್ಲಿ ಜಯರಾಮಪ್ಪನ ಕುರ್ಚಿ ಗೋಡೆಗೆ ಮುಖ ಮಾಡಿತ್ತು. ಅದರಲ್ಲಿ ಅವರು, ಮೂಗಿನಿಂದ ಗೇಣು ದೂರದಲ್ಲಿ ಡೈರಿಯ ಹಳೆಯ ಕ್ಯಾಲೆಂಡರ್.

"ಆಚೆ ಹೋಗಿದ್ರೆ ಆಗ್ತಿತ್ತಲ್ಲ ಸಾರ್," ಎಂದಳು ದಿವ್ಯ.

"ಆಚೆ ಓದ್ರೆ ಊರೆಲ್ಲ ಕೇಳ್ತದೆ, ಅಧ್ಯಕ್ಷರು ಯಾಕೆ ಆಚೆ ನಿಂತವ್ರೆ ಅಂತ. ಮತ್ತೆ, ನಂದು ಐದೇ ಅಲ್ವಾ, ನನ್ನ ಎಬ್ಬಿಸ್ಬೇಡ." ಗೋಡೆಗೆ ಮಾತಾಡುತ್ತಿದ್ದರು. "ನಾನಿಲ್ಲ ಅಂದ್ಕಳಿ."

ಸುಬ್ಬಲಕ್ಷ್ಮಮ್ಮ ಬಂದಳು. ಭಾವನ ಬೆನ್ನನ್ನು ನೋಡಿದಳು. ಅಷ್ಟು ಹೊತ್ತು ಅಷ್ಟು ನೇರವಾಗಿ ಆ ಮನುಷ್ಯನನ್ನು ಆಕೆ ನೋಡಿದ್ದು ಬಹುಶಃ ಮೊದಲ ಸಲ. ಕತ್ತಿನ ಹಿಂದೆ ಒಂದು ದೊಡ್ಡ ಮಚ್ಚೆ ಇತ್ತು. ಅವಳ ಗಂಡನಿಗೂ ಅಲ್ಲೇ ಇದೆ. ಆಮೇಲೆ, ಬಿಸಿ ಬಾಣಲೆ ಮುಟ್ಟುವವಳಂತೆ ಕುರ್ಚಿಯ ತುದಿಗೆ ಕೂತಳು.

"ಶುರು."

ಮೊದಲ ಸಲ ಏಳುವಾಗ ಬಲಗೈ ತಾನಾಗಿಯೇ ಎದೆ ಬಿಟ್ಟು ಗಾಳಿಯಲ್ಲಿ ಕಂಬವನ್ನು ಹುಡುಕಿತು. ಕಂಬ ಇರಲಿಲ್ಲ. ಕೈ ವಾಪಸು ಬಂತು. ಎದ್ದಳು. ಕುರ್ಚಿ ಕಿರುಗುಟ್ಟಿತು.

"ಒಂದು," ಎಂದರು ಗೋಡೆಯ ಕಡೆಯಿಂದ.

ದಿವ್ಯ ಹುಬ್ಬು ಗಂಟಿಕ್ಕಿದಳು. ಬೇರೆಯವರು ಎಣಿಸಬಾರದು ಎಂದು ನಿಯಮವೇನೂ ಇರಲಿಲ್ಲ.

"ಎಲ್ಡು. ಮೂರು." ಕಿರುಗುಟ್ಟುವಿಕೆಗೊಂದು ಸಂಖ್ಯೆ. "ನಾಕು. ಐದು."

ಗಡಿಯಾರ ಕೂಗಿತು.

"ನಾಲ್ಕು," ಎಂದಳು ದಿವ್ಯ. "ಕೊನೇದು ಪೂರ್ತಿ ನಿಲ್ಲಲಿಲ್ಲ."

"ನಂಗೆ ಐದು ಕೇಳಿಸ್ತು."

"ನೀವು ನೋಡ್ಲಿಲ್ಲ ಸಾರ್."

"ನೋಡಂಗಿದ್ರೆ ನೀನ್ಯಾಕೆ ಬೇಕಿತ್ತಮ್ಮ?" ಎಂದರು ಜಯರಾಮಪ್ಪ. ಈ ಸಲ ಕೊಠಡಿ ನಕ್ಕಿತು. ಸುಬ್ಬಲಕ್ಷ್ಮಮ್ಮ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ದಿವ್ಯ ಸೊನ್ನೆಯನ್ನು ಹೊಡೆದು ನಾಲ್ಕು ಎಂದು ಬರೆದಳು. ಆಸ್ಪತ್ರೆಯ ಚೀಟಿ ಇನ್ನೂ ಕ್ಯಾನಿನ ಹಿಡಿಯಲ್ಲೇ ಇತ್ತು, ಹಾಲು ತಗುಲಿ ಮೆತ್ತಗಾಗಿತ್ತು.

ಹೀಗೆ ಸುಬ್ಬಲಕ್ಷ್ಮಮ್ಮ ತರಗತಿಗೆ ಸೇರಿದಳು. ಕುರ್ಚಿಯಿಂದ ಏಳುವುದು, ಹಿಮ್ಮಡಿ ಎತ್ತುವುದು, ಗೋಡೆಯನ್ನು ಎರಡು ಕೈಯಲ್ಲಿ ತಳ್ಳುವುದು, ಡೈರಿಯ ಮೊದಲ ಮೆಟ್ಟಿಲನ್ನು ಹತ್ತಿ ಇಳಿದು ಹತ್ತಿ ಇಳಿಯುವುದು, ಮರಳು ತುಂಬಿದ ಬಾಟಲಿ ಎತ್ತುವುದು. ನೋಡಿದವರಿಗೆ ತಮಾಷೆಯಾಗಿತ್ತು.

"ಏನೇ ಸುಬ್ಬಿ," ಎಂದ ಕೋದಂಡಪ್ಪ ಮೊದಲ ವಾರ. "ದಿನಕ್ಕೆ ನೂರ್ ಸಲ ಎದ್ದು ಕೂರೋಳ್ಗೆ ಎದ್ದು ಕೂರೋದು ಕಲಿಸ್ತಾವ್ಳಾ ಆ ಹುಡುಗಿ? ಮೀನಿಗೆ ಈಜು ಕಲಿಸ್ದಂಗೆ."

ಅವಳಿಗೂ ಅದೇ ಅನುಮಾನವಿತ್ತು. ದಿವ್ಯಳನ್ನೇ ಕೇಳಿದಳು. ಸಗಣಿ ಬಾಚುತ್ತೇನೆ, ಮೇವು ಹೊರುತ್ತೇನೆ, ಗುಡಿಸುತ್ತೇನೆ. ಅದೆಲ್ಲ ವ್ಯಾಯಾಮ ಅಲ್ಲವೇ?

"ಕೆಲಸ ಮಾಡೋವಾಗ ಮೈ ಕೆಲಸ ಮುಗಿಸೋದನ್ನ ನೋಡತ್ತೆ ಅಮ್ಮಾ," ಎಂದಳು ದಿವ್ಯ. "ನೋವಾದ ಕಡೆ ಬಿಟ್ಟು ಬೇರೆ ಕಡೆಯಿಂದ ಮಾಡ್ಕೊಳ್ಳತ್ತೆ. ನಿಮ್ಮ ಕಾಲಿನ ಕೆಲಸ ಇಷ್ಟು ವರ್ಷ ನಿಮ್ಮ ಕೈ ಮಾಡಿದೆ. ಕಂಬ ನೋಡಿ ಬೇಕಾದ್ರೆ."

ಸುಬ್ಬಲಕ್ಷ್ಮಮ್ಮ ಆ ಸಂಜೆ ಕಂಬದ ಮುಂದೆ ನಿಂತು ಅದರ ಹೊಳೆಯುವ ಜಾಗವನ್ನು ಬಹಳ ಹೊತ್ತು ನೋಡಿದಳು. ಕಳ್ಳ ಸಿಕ್ಕಿಬಿದ್ದಂತಿತ್ತು. ಕಳ್ಳ ಮನೆಯವನೇ. ರಾಧ ಒಂದು ಉಪಾಯ ಮಾಡಿದಳು. ದಿನಾ ಬೆಳಿಗ್ಗೆ ಆ ಜಾಗಕ್ಕೆ ಹಸಿ ಸುಣ್ಣ ಸವರುವುದು. ಅತ್ತೆ ಮರೆತು ಹಿಡಿದರೆ ಕೈ ಬೆಳ್ಳಗಾಗುತ್ತದೆ, ಕಂಬದ ಮೇಲೆ ಬೆರಳು ಮೂಡುತ್ತದೆ. ಮೊದಲ ದಿನ ಸಂಜೆಗೆ ಸುಣ್ಣವೇ ಉಳಿದಿರಲಿಲ್ಲ. ಹಾಲಿನ ಚೊಂಬು, ಸೆರಗು, ಮೊಮ್ಮಗಳ ಯೂನಿಫಾರಂ, ಎಲ್ಲ ಕಡೆ ಬಿಳಿ ಬೆರಳುಗಳು. ಎರಡನೆಯ ವಾರದ ಕೊನೆಗೆ ಹಿಡಿಯುವುದು ಕಡಿಮೆಯಾಗಿ, ಕಂಬದ ಮೇಲೆ ಒಂದೊಂದು ಬೆರಳನ್ನು ಬೇರೆಯಾಗಿ ಗುರುತಿಸಬಹುದಿತ್ತು.

ನೋವು ಬಂತು. ಆದರೆ ಗೊತ್ತಿದ್ದ ನೋವಲ್ಲ. ಮೊಣಕಾಲಿನದು ಹಳೆಯ ನೋವು, ಅದರ ಸ್ವಭಾವ ಅವಳಿಗೆ ಗೊತ್ತಿತ್ತು. ಇದು ಅದರ ಮೇಲೆ, ತೊಡೆಯ ಮುಂಭಾಗದಲ್ಲಿ, ಮುಟ್ಟಿದರೆ ಇದ್ದು ಬಿಟ್ಟರೆ ಇಲ್ಲದ ನೋವು. ತನಗೆ ಅಲ್ಲೊಂದು ಜಾಗ ಇದೆ ಎಂದೇ ಅವಳಿಗೆ ಅದುವರೆಗೆ ಅನ್ನಿಸಿರಲಿಲ್ಲ.

"ಈ ಮಾಂಸಕ್ಕೆ ಎಸರೈತಾ?" ಎಂದು ಕೇಳಿದಳು.

"ಹೆಸರಿದೆ. ನಾಲ್ಕು ಸ್ನಾಯು ಸೇರಿ ಒಂದಾಗಿರೋದು ಅದು. ನಾಲ್ಕೂ ಒಟ್ಟಿಗೆ ಎಳೆದ್ರೆ ಮೊಣಕಾಲು ನೆಟ್ಟಗಾಗತ್ತೆ."

"ನಾಕು ಜನ." ಅವಳು ತೊಡೆಯನ್ನು ಸೀರೆಯ ಮೇಲಿಂದಲೇ ಒತ್ತಿ ನೋಡಿಕೊಂಡಳು. "ಅಣ್ಣತಮ್ಮದೀರು. ಇಷ್ಟ್ ದಿನ ಉಂಡ್ಕೊಂಡು ಮಲಗವ್ರೆ ನೋಡು ನನ್ ಮನೇಲಿ."

ಅಂದಿನಿಂದ ಅವಳು ಏಳುವ ಮೊದಲು ಒಂದು ಕ್ಷಣ ನಿಲ್ಲುವುದನ್ನು ರಾಧ ಗಮನಿಸಿದಳು. ಯಾರನ್ನೋ ಕರೆದು, ಅವರು ಬರಲಿ ಎಂದು ಕಾಯುವವಳಂತೆ. ಯಾವ ಸ್ನಾಯು ಮೊದಲು ಬಿಗಿಯುತ್ತದೆ, ಉಸಿರು ಬಿಟ್ಟರೆ ಹಗುರವೋ ಹಿಡಿದರೆ ಹಗುರವೋ, ಹೆಬ್ಬೆರಳ ಮೇಲೆ ಭಾರ ಹಾಕಿದರೆ ಏನಾಗುತ್ತದೆ, ಹಿಮ್ಮಡಿಯ ಮೇಲೆ ಹಾಕಿದರೆ ಏನು. ಅಡುಗೆಯಲ್ಲಿ ಉಪ್ಪು ನೋಡುವಂತೆ ಒಂದೊಂದನ್ನೂ ನೋಡುತ್ತಿದ್ದಳು. ಎಷ್ಟೋ ವರ್ಷದ ಮೇಲೆ ರಾತ್ರಿ ಒಂದೇ ನಿದ್ದೆ ಬರತೊಡಗಿತು. ಅದನ್ನು ಯಾರಿಗೂ ಹೇಳಲಿಲ್ಲ. ಹೇಳಿದರೆ ಹೋಗಿಬಿಡುತ್ತದೇನೋ ಎಂದು.

ತರಗತಿಯಲ್ಲಿ ಅವಳ ಸರದಿ ಬಂದಾಗಲೆಲ್ಲ ಜಯರಾಮಪ್ಪ ಕುರ್ಚಿ ತಿರುಗಿಸಿಕೊಂಡು ಕ್ಯಾಲೆಂಡರ್ ನೋಡುತ್ತ ಎಣಿಸುತ್ತಿದ್ದರು. ಮೊದಮೊದಲು ಕುರ್ಚಿಯನ್ನು ಬೇರೆಯವರು ತಿರುಗಿಸಿಕೊಡಬೇಕಿತ್ತು. ಐದನೆಯ ವಾರದಿಂದ ತಾವೇ ಎದ್ದು ತಿರುಗಿಸಿಕೊಂಡರು. ಅವರದೂ ಐದು ಎಂಟಾಗಿತ್ತು.

ಏಳನೆಯ ವಾರ ಸುಬ್ಬಲಕ್ಷ್ಮಮ್ಮ ಆತುರಪಟ್ಟಳು.

ಕುರ್ಚಿಯಲ್ಲಿ ಒಂಬತ್ತು ಬಂದಿತ್ತು. ಆ ಧೈರ್ಯದಲ್ಲಿ, ಯಾರಿಗೂ ಹೇಳದೆ, ಬೆಳಿಗ್ಗೆ ಚೊಂಬು ಹಿಡಿದು ಗಂಗೆಯ ಕೆಳಗೆ ಕೂತಳು. ಕೂರಲು ಆಯಿತು. ಹಣೆಯನ್ನು ಹಸುವಿನ ಹೊಟ್ಟೆಗೆ ಆನಿಸಿದಳು. ಎರಡು ವರ್ಷದ ಮೇಲೆ ಆ ಬಿಸಿ, ಒಳಗಿನ ಆ ಗುಡುಗುಡು. ಗಂಗೆ ಒಂದು ಸಲ ತಿರುಗಿ ನೋಡಿ, ನಿಟ್ಟುಸಿರು ಬಿಟ್ಟು, ಹಾಲಿಳಿಸಿತು. ಅರ್ಧ ಚೊಂಬಾಗುವಾಗ ಕಾಲು ಜೋಮು ಹಿಡಿಯಿತು. ಏಳಬೇಕೆಂದು ನಾಲ್ಕು ಜನರನ್ನೂ ಕರೆದಳು. ಯಾರೂ ಬರಲಿಲ್ಲ. ಕುರ್ಚಿ ನಲವತ್ಮೂರು ಸೆಂಟಿಮೀಟರು, ಕುಕ್ಕರಗಾಲು ಅದರ ಅರ್ಧಕ್ಕೂ ಕೆಳಗೆ. ಆ ಲೆಕ್ಕ ಆಗ ಅವಳಿಗೆ ತಿಳಿಯಿತು. ಬಲಗೈ ಕಂಬ ಹುಡುಕಿತು, ಸಿಕ್ಕಿದ್ದು ಗಂಗೆಯ ಹಿಂಗಾಲು. ಗಂಗೆ ಒದೆಯಿತು. ಚೊಂಬು ಉರುಳಿತು, ಅವಳೂ ಉರುಳಿದಳು.

ಕೋದಂಡಪ್ಪ ಬಂದು ಎಬ್ಬಿಸಿದ. ಬೈಯಲಿಲ್ಲ, ಅದು ಇನ್ನೂ ಕೆಟ್ಟದಾಗಿತ್ತು. "ಸಾಕು ಕಣೇ," ಎಂದಷ್ಟೇ ಹೇಳಿ, ಬಂಗಾರಪೇಟೆಯ ದನದ ದಲ್ಲಾಳಿ ಗೋಪಿಗೆ ಫೋನು ಮಾಡಿದ. ಗೋಪಿ ಆಂಧ್ರದ ಕಡೆ ಓಡಾಟದಲ್ಲಿದ್ದ. ದೀಪಾವಳಿಗೆ ಹತ್ತು ದಿನ ಮುಂಚೆ ಬಂದು ಹಸು ನೋಡುವುದಾಗಿ ಹೇಳಿದ.

ಸುಬ್ಬಲಕ್ಷ್ಮಮ್ಮ ಎರಡು ತರಗತಿಗೆ ಹೋಗಲಿಲ್ಲ. ಕಂಬಕ್ಕೆ ಸುಣ್ಣ ಸವರಬೇಡ ಎಂದು ರಾಧಳಿಗೆ ಹೇಳಿದಳು. ಮೂರನೆಯ ದಿನ ಪಡಸಾಲೆಯಿಂದ ಜಯರಾಮಪ್ಪನ ದನಿ ಬಂತು, ಎಂದಿನಂತೆ ರಾಧಳ ಹೆಸರಿನಲ್ಲಿ.

"ರಾಧಾ, ನಿಮ್ಮತ್ತೆಗೆ ಯೋಳು. ಏಳು ವಾರ ಗೋಡೆ ನೋಡಿ ನೋಡಿ ನನ್ ಕತ್ತು ಇಡ್ಕೊಂಡೈತೆ. ಆ ಕ್ಯಾಲೆಂಡರ್‌ನಾಗೆ ಇರೋ ತಿಥಿ ಎಲ್ಲ ಬಾಯಿಪಾಠ. ಇಷ್ಟಕ್ಕೇ ಬಿಟ್ರೆ ನನ್ ಕತ್ತಿನ ನೋವ್ಗೆ ಯಾರ್ ಜವಾಬು ಅಂತ ಕೇಳು."

ರಾಧ ಅಡುಗೆಮನೆಯ ಕಡೆ ತಿರುಗಿ, "ಅತ್ತೆ, ದೊಡ್ಡಮಾವ ಕೇಳ್ತಾವ್ರೆ," ಎಂದಳು.

ಅಡುಗೆಮನೆಯಲ್ಲಿ ಒಗ್ಗರಣೆ ಸಿಡಿಯಿತು.

"ಕೊಬ್ರಿ ಎಣ್ಣೆ ಬಿಸಿ ಮಾಡಿ ಕೊಡು ಅವ್ರಿಗೆ," ಎಂದಳು ಸುಬ್ಬಲಕ್ಷ್ಮಮ್ಮ. ಮಾರನೆಯ ಬೆಳಿಗ್ಗೆ ಕ್ಯಾನಿನೊಂದಿಗೆ ಡೈರಿಯ ಮೆಟ್ಟಿಲು ಹತ್ತಿದಳು.

ಬಿದ್ದ ಕತೆಯನ್ನು ದಿವ್ಯ ಎರಡು ಸಲ ಕೇಳಿದಳು. ಮೊಣಕಾಲು ಮುಟ್ಟಿ, ಬಗ್ಗಿಸಿ, ಊತವಿದೆಯೇ ಎಂದು ನೋಡಿದಳು. ಆಮೇಲೆ ಅವಳ ಕಣ್ಣು ಹೊಳೆಯಿತು. ತಪ್ಪು ತನ್ನದೇ ಎಂದುಕೊಂಡಳು. ಕುರ್ಚಿಯ ಎತ್ತರದಲ್ಲಿ ಬಲ ಬಂದರೆ ಕುರ್ಚಿಯ ಎತ್ತರಕ್ಕೇ ಬರುತ್ತದೆ. ಕೆಳಗಿನದನ್ನು ಯಾರೂ ಕಲಿಸಿರಲಿಲ್ಲ. ನಮೂನೆ ಬರೆದವರ ಊರಿನಲ್ಲಿ ಕುರ್ಚಿಗಿಂತ ಕೆಳಗೆ ಯಾರೂ ಕೂರುವುದಿಲ್ಲವೇನೋ. ಅವಳು ಡೈರಿಯಿಂದ ಬೂಸಾ ಮೂಟೆಗಳನ್ನು ಎಳೆಸಿದಳು. ಮೂರು ಮೂಟೆ ಪೇರಿಸಿದರೆ ಕುರ್ಚಿಗಿಂತ ಚೂರು ತಗ್ಗು. ಒಂದು ವಾರ ಅದರ ಮೇಲಿಂದ ಏಳುವುದು. ಆಮೇಲೆ ಎರಡು ಮೂಟೆ. ಆಮೇಲೆ ಒಂದು. ಆಮೇಲೆ ಖಾಲಿಯಾದ ಮೂಟೆಯ ಚೀಲ, ನಾಲ್ಕು ಮಡಿಕೆ.

"ಇದು ನಮೂನೆಯಲ್ಲೈತಾ?" ಎಂದು ಗೋಡೆ ಕೇಳಿತು.

"ಇಲ್ಲ ಸಾರ್."

"ಅಂಗಾದ್ರೆ ಸರಿಯಾಗೈತೆ."

ಹನ್ನೆರಡನೆಯ ವಾರದ ಕೊನೆಯ ಅಳತೆಯಲ್ಲಿ ಸುಬ್ಬಲಕ್ಷ್ಮಮ್ಮನದು ಹದಿಮೂರು, ಜಯರಾಮಪ್ಪನದು ಹನ್ನೊಂದು ಎಂದು ದಿವ್ಯ ಬರೆದಳು. ಸುಗರ್ ಕೆಲವರದು ಇಳಿದಿತ್ತು, ಕೆಲವರದು ಹಾಗೇ ಇತ್ತು, ಇಬ್ಬರದು ಏರಿತ್ತು. ಇಬ್ಬರೂ ದಸರೆಯ ಹೋಳಿಗೆಯ ಮೇಲೆ ಹೊರಿಸಿದರು. ಅದೆಲ್ಲ ಆಸ್ಪತ್ರೆಯ ಕಡತದಲ್ಲಿದೆ. ಅದಕ್ಕೂ ನಾಲ್ಕು ದಿನ ಮೊದಲು ನಡೆದದ್ದು ಅದರಲ್ಲಿಲ್ಲ.

ಗೋಪಿ ಬೆಳಿಗ್ಗೆ ಆರೂವರೆಗೇ ಬಂದ. ಅಂಗಳದಲ್ಲಿ ನಿಂತು ತೆಲುಗಿನಲ್ಲಿ ಅರ್ಧ, ಕನ್ನಡದಲ್ಲಿ ಅರ್ಧ ಮಾತಾಡುತ್ತ, ಕೋದಂಡಪ್ಪ ಕೊಟ್ಟ ಕಾಫಿ ಕುಡಿದ. ಹಸು ಕರೆಯುವುದನ್ನು ಕಣ್ಣಾರೆ ನೋಡಬೇಕು ಎಂದ. ರಾಧ ಚೊಂಬು ಎತ್ತಿಕೊಳ್ಳಲು ಹೋದಳು. ಚೊಂಬು ಇರಲಿಲ್ಲ.

ಸುಬ್ಬಲಕ್ಷ್ಮಮ್ಮ ಆಗಲೇ ಗಂಗೆಯ ಕೆಳಗೆ ಕೂತಿದ್ದಳು.

ಚೊಂಬಿನ ತಳಕ್ಕೆ ಬೀಳುವ ಹಾಲಿನ ಸದ್ದು ಮೊದಲು ತೆಳ್ಳಗೆ, ಆಮೇಲೆ ನೊರೆಯೇರಿ ದಪ್ಪಗೆ. ಗೋಪಿ ಕೊಟ್ಟಿಗೆಯ ಬಾಗಿಲಿಗೆ ಬಂದು ಇಣುಕಿದ. "ಎನ್ನಿ ಲೀಟರ್ಲು, ಎಷ್ಟು ಲೀಟರು?" ಎಂದು ಕೇಳಿದ. ಕೋದಂಡಪ್ಪನಿಗೆ ಅದು ಕೇಳಿಸಲಿಲ್ಲ. ಅವನು ಹೆಂಡತಿಯ ಹಿಮ್ಮಡಿಗಳನ್ನು ನೋಡುತ್ತಿದ್ದ. ಎರಡೂ ನೆಲಕ್ಕೆ ಅಂಟಿದ್ದವು.

ಅಷ್ಟರಲ್ಲಿ ಜಯರಾಮಪ್ಪ ಬಂದರು. ಡೈರಿಗೆ ಹೊರಟವರು, ಬೀಗದ ಕೈ ಸೊಂಟದಲ್ಲಿ, ಬಾಗಿಲಲ್ಲಿ ಜನ ಕಂಡು ಒಳಗೆ ನೋಡಿದರು. ಸುಬ್ಬಲಕ್ಷ್ಮಮ್ಮನಿಗೆ ಅವರ ಕಾಲು ಕಂಡಿತು. ಏಳಲಿಲ್ಲ. ಏಳಬೇಕಾಗಿರಲಿಲ್ಲ. ಕೈ ಕೆಚ್ಚಲ ಮೇಲಿತ್ತು. ಹಣೆಯನ್ನು ಇನ್ನಷ್ಟು ಒತ್ತಿ, ನಿಧಾನವಾಗಿ, ಬೇಕಾದ್ದಕ್ಕಿಂತ ಸ್ವಲ್ಪ ಹೆಚ್ಚು ನಿಧಾನವಾಗಿಯೇ ಕರೆದಳು.

ಚೊಂಬು ಎರಡು ಸಲ ಕ್ಯಾನಿಗೆ ಬರಿದಾಯಿತು. ಬರಿದು ಮಾಡಿದ್ದು ರಾಧ, ಬಗ್ಗಿ ತೆಗೆದುಕೊಂಡು, ಬಗ್ಗಿ ವಾಪಸು ಕೊಟ್ಟು. ಮೂರನೆಯದು ಕಂಠಮಟ್ಟ ತುಂಬಿತು. ಕೆಚ್ಚಲು ಸೊರಗಿತು. ಇನ್ನು ಕೂತಿರಲು ಕಾರಣವಿರಲಿಲ್ಲ.

ಎರಡು ಕೈಯಲ್ಲೂ ಚೊಂಬು ಹಿಡಿದಿದ್ದಳು. ರಾಧ ಮುಂದೆ ಬಂದಳು. ಕೋದಂಡಪ್ಪನೂ ಒಂದು ಹೆಜ್ಜೆ ಇಟ್ಟ. ಅವಳು ತಲೆಯಾಡಿಸಿದಳು. ಉಸಿರು ಬಿಟ್ಟಳು. ಭಾರವನ್ನು ಹಿಮ್ಮಡಿಗೆ ತಂದಳು. ಒಂದು ಕ್ಷಣ ಏನೂ ಆಗಲಿಲ್ಲ, ಹಾಲಿನ ಮೇಲಿನ ನೊರೆ ಮಾತ್ರ ನಡುಗಿತು. ಆಮೇಲೆ ನಾಲ್ಕು ಜನ ಒಬ್ಬೊಬ್ಬರಾಗಿ ಬಂದರು. ಸೊಂಟ ಎದ್ದಿತು, ಮೊಣಕಾಲು ಕಟಕ್ಕೆಂದು ಒಂದು ಮಾತು ಹೇಳಿ ಸುಮ್ಮನಾಯಿತು, ಬೆನ್ನು ನೆಟ್ಟಗಾಯಿತು. ಕೈಯಲ್ಲಿ ಕಂಬವಿರಲಿಲ್ಲ, ಹಾಲಿತ್ತು.

"ಒಂದು," ಎಂದರು ಜಯರಾಮಪ್ಪ.

ಅಭ್ಯಾಸಬಲ. ಹೇಳಿದ ಮೇಲೆ ಅವರಿಗೇ ನಾಚಿಕೆಯಾದಂತೆ ಗೋಡೆ ಹುಡುಕಿದರು. ಕೊಟ್ಟಿಗೆಗೆ ಆ ಕಡೆ ಗೋಡೆ ಇರಲಿಲ್ಲ, ಬೇಲಿ ಇತ್ತು.

ಕೋದಂಡಪ್ಪ ಗೋಪಿಯ ಕೈಯಿಂದ ಖಾಲಿ ಲೋಟ ತೆಗೆದುಕೊಂಡ. "ಇನ್ನೊಂದ್ ಲೋಟ ಕುಡಿತೀಯಾ? ಕುಡಿದು ಬಸ್ ಇಡ್ಕೋ. ಅಸ ಕೊಡಲ್ಲ," ಎಂದ.

"ಮತ್ತೆ ಯಾಕಪ್ಪ ಕರೆಸ್ದೆ?"

"ನೀನೂ ನೋಡ್ಲಿ ಅಂತ."

ಸುಬ್ಬಲಕ್ಷ್ಮಮ್ಮ ಚೊಂಬನ್ನು ರಾಧಳಿಗೆ ಕೊಟ್ಟಳು. ತೊಡೆ ನಡುಗುತ್ತಿತ್ತು. ನಡುಕ ಎಲ್ಲಿ ಶುರುವಾಗಿ ಎಲ್ಲಿಗೆ ಹೋಗುತ್ತದೆ ಎಂದು ನಿಂತು ಗಮನಿಸಿದಳು. ಹಾಲು ಕರೆದಾಗಿತ್ತು, ಕೈ ಖಾಲಿಯಾಗಿತ್ತು, ಭಾವ ನಾಲ್ಕು ಮಾರು ದೂರದಲ್ಲಿ ಇತ್ತಲಾಗಿಯೇ ಮುಖ ಮಾಡಿ ನಿಂತಿದ್ದರು. ಈಗ ಕೂರುವಂತಿರಲಿಲ್ಲ. ಆದರೆ ಒಂದಾಗಿತ್ತು. ಎರಡಾಗುತ್ತದೆಯೋ ಇಲ್ಲವೋ ಎನ್ನುವುದು ಗೊತ್ತಾಗಬೇಕಾದರೆ ಬೇರೆ ದಾರಿ ಇರಲಿಲ್ಲ.

ಅವಳು ಸೆರಗನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು, ಜಯರಾಮಪ್ಪನ ಕಡೆ ಒಮ್ಮೆ ನೋಡಿ, ತೋಳುಗಳನ್ನು ಎದೆಯ ಮೇಲೆ ಕಟ್ಟಿ, ಮೆಲ್ಲಗೆ ಕೆಳಗಿಳಿಯತೊಡಗಿದಳು.